ಒಂಬತ್ತು ಲಕ್ಷ ಕೇಳಿದವರಿಗೆ ಆರೇ ಲಕ್ಷ ಏಕೆ?

ಪ್ರಶ್ನೆ: ನಾವು ಮ್ಯಾಸಚೂಸೆಟ್ಸ್‌ನ ಒಂದು ಸಣ್ಣ ಟೌನಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇವೆ. ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆ ಇಲ್ಲಿ ಕಡಿಮೆ ಆದಾಯದವರಿಗೆ 24 ಬಾಡಿಗೆ ಮನೆ ಕಟ್ಟಲು ಟೌನಿನ ಸಿಪಿಎ ನಿಧಿಯಿಂದ, ಅಂದರೆ ಆಸ್ತಿ ತೆರಿಗೆಯ ಜೊತೆ ಕಟ್ಟುವ ಸರ್ಚಾರ್ಜ್‌ನ ದುಡ್ಡಿನಿಂದ, 9 ಲಕ್ಷ ಡಾಲರ್ ಕೇಳಿತ್ತು. ಒಟ್ಟು ವೆಚ್ಚ 1.2 ಕೋಟಿ ಡಾಲರ್. ಆ ನಿಧಿಯನ್ನು ಯಾವುದಕ್ಕೆ ಕೊಡಬೇಕೆಂದು ಶಿಫಾರಸು ಮಾಡುವ ಕಮಿಟಿಯ ಮೀಟಿಂಗ್‌ಗೆ ಹೋಗಿ ಕೂತಿದ್ದೆ. ಹಳೆಯ ಗಂಟೆಗೋಪುರದ ದುರಸ್ತಿಗೆ ಹತ್ತೇ ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು. ಮನೆಗಳ ವಿಷಯಕ್ಕೆ ಎರಡು ಗಂಟೆ. ಪಾರ್ಕಿಂಗ್, ಸೆಪ್ಟಿಕ್ ಟ್ಯಾಂಕ್, ಶಾಲೆಗೆ ಎಷ್ಟು ಮಕ್ಕಳು ಬರುತ್ತಾರೆ, ಇದೇ ಚರ್ಚೆ. ಕೊನೆಗೆ 6 ಲಕ್ಷ, ಅದೂ ಸಾಲದ ರೂಪದಲ್ಲಿ, ಒಂದು ಹಾಳೆ ತುಂಬ ಷರತ್ತು. ಅಲ್ಲಿ ಹಂಚಿದ ಚೀಟಿಯ ಪ್ರಕಾರ ವಸತಿ ಮೀಸಲಿನಲ್ಲಿ 2.4 ಲಕ್ಷ, ಮೀಸಲಿಲ್ಲದ ನಿಧಿಯಲ್ಲಿ 7 ಲಕ್ಷ ಇದೆ. ಇವರು ಹೇಗೆ ತೀರ್ಮಾನ ಮಾಡುತ್ತಾರೆ? ಎಲ್ಲ ಮೊದಲೇ ನಿರ್ಧಾರವಾಗಿರುತ್ತದೆಯೇ? ಮೇ ತಿಂಗಳ ಟೌನ್ ಮೀಟಿಂಗ್‌ನಲ್ಲಿ, ಊರಿನ ಮತದಾರರೇ ಸೇರಿ ಖರ್ಚಿಗೆ ಮತ ಹಾಕುವ ಸಭೆಯಲ್ಲಿ, ಅದನ್ನು ಮತ್ತೆ 9 ಲಕ್ಷಕ್ಕೆ ಏರಿಸಬಹುದೇ? ನನ್ನ ಹೆಂಡತಿಗೆ ವೋಟು ಇದೆ. ನನ್ನದು ಗ್ರೀನ್ ಕಾರ್ಡ್ ಮಾತ್ರ.

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದರ ಉತ್ತರ ಚಿಕ್ಕದು: ಆಗುವುದಿಲ್ಲ. ಟೌನ್ ಮೀಟಿಂಗ್‌ಗೆ ಕಮಿಟಿಯ ಶಿಫಾರಸನ್ನು ಒಪ್ಪುವ, ಕಡಿಮೆ ಮಾಡುವ, ತಿರಸ್ಕರಿಸುವ ಅಧಿಕಾರ ಇದೆ. ಏರಿಸುವ ಅಧಿಕಾರ ಇಲ್ಲ. ನಿಮ್ಮ ಹೆಂಡತಿ ಎದ್ದು ನಿಂತು "6 ಅಲ್ಲ, 9 ಲಕ್ಷ ಕೊಡೋಣ" ಎಂದು ತಿದ್ದುಪಡಿ ತಂದರೆ ಸಭೆ ನಡೆಸುವ ಮಾಡರೇಟರ್ ಅದನ್ನು ನಿಯಮಬಾಹಿರ ಎಂದು ಪಕ್ಕಕ್ಕಿಡುತ್ತಾರೆ. ಕಮಿಟಿ ಶಿಫಾರಸು ಮಾಡದ ಒಂದು ಡಾಲರನ್ನೂ ಸಿಪಿಎ ನಿಧಿಯಿಂದ ಖರ್ಚು ಮಾಡುವ ಹಾಗಿಲ್ಲ. ಅಂದರೆ ಊರಿನವರ ಕೈಲಿರುವುದು ಬ್ರೇಕ್ ಮಾತ್ರ. ಆಕ್ಸಿಲರೇಟರ್ ಕಮಿಟಿಯ ಕಾಲಡಿ ಇದೆ. ಇದು ತಿಳಿಯದೆ ಎಷ್ಟೋ ಜನ ತಮ್ಮ ಉತ್ಸಾಹವನ್ನೆಲ್ಲ ಮೇ ತಿಂಗಳಿಗೆ ಕೂಡಿಟ್ಟುಕೊಂಡಿರುತ್ತಾರೆ. ಮಾತಿಗೆ ಬೆಲೆ ಇದ್ದ ಕಾಲ ಹಿಂದಿನ ಶರತ್ಕಾಲದಲ್ಲೇ, ಅರ್ಜಿಗಳು ಬಂದಾಗಲೇ ಕಳೆದಿರುತ್ತದೆ.

ಈ ವ್ಯವಸ್ಥೆ ಹುಟ್ಟಿದ್ದು 2000ದಲ್ಲಿ ಬಂದ ಕಮ್ಯುನಿಟಿ ಪ್ರಿಸರ್ವೇಶನ್ ಆ್ಯಕ್ಟ್‌ನಿಂದ. ಎಲ್ಲರೂ ಸಿಪಿಎ ಎನ್ನುವುದು ಇದನ್ನೇ. ಒಂದು ಊರಿನ ಮತದಾರರು ಒಪ್ಪಿದರೆ ಆಸ್ತಿ ತೆರಿಗೆಯ ಮೇಲೆ ಶೇ. 3ರವರೆಗೆ ಸರ್ಚಾರ್ಜ್ ಹಾಕಬಹುದು. ಅದಕ್ಕೆ ರಾಜ್ಯ ತನ್ನ ಪಾಲು ಸೇರಿಸುತ್ತದೆ; ಆ ಪಾಲು ಬಹುಮಟ್ಟಿಗೆ ಆಸ್ತಿಪತ್ರಗಳ ನೋಂದಣಿ ಶುಲ್ಕದಿಂದ ಬರುವ ದುಡ್ಡು. ನೀವು ಮನೆ ಕೊಂಡಾಗ ನೋಂದಣಿ ಕಚೇರಿಗೆ ಕಟ್ಟಿದ ಶುಲ್ಕದಲ್ಲೂ ಇದರ ಒಂದು ಚೂರು ಇದ್ದೀತು. ಪ್ರತಿ ವರ್ಷದ ಆದಾಯದಲ್ಲಿ ಕನಿಷ್ಠ ಶೇ. 10 ಬಯಲು ಜಾಗಕ್ಕೆ, ಶೇ. 10 ಚಾರಿತ್ರಿಕ ಕಟ್ಟಡಗಳಿಗೆ, ಶೇ. 10 ವಸತಿಗೆ ಹೋಗಬೇಕು ಅಥವಾ ಮುಂದಕ್ಕೆ ಮೀಸಲಿಡಬೇಕು. ಉಳಿದ ಶೇ. 70 ಕಮಿಟಿಯ ವಿವೇಚನೆಗೆ ಬಿಟ್ಟಿದ್ದು. ಆಟದ ಮೈದಾನಗಳಿಗೂ ಅಲ್ಲಿಂದಲೇ ದುಡ್ಡು ಸಿಗುತ್ತದೆ.

ಈ ಶೇ. 10 ಎನ್ನುವುದು ನೆಲ. ಆದರೆ ಎಷ್ಟೋ ಊರುಗಳಲ್ಲಿ ಅದೇ ಚಾವಣಿಯಾಗಿಬಿಡುತ್ತದೆ. "ವಸತಿಗೆ ಅವರ ಪಾಲು ಕೊಟ್ಟಾಯಿತಲ್ಲ" ಎನ್ನುವ ಮಾತು ಕಮಿಟಿಯ ಮೇಜಿನ ಸುತ್ತ ಸುಲಭವಾಗಿ ಬರುತ್ತದೆ. ಇದೇ ಕಾನೂನಿನಡಿ ಕೇಂಬ್ರಿಡ್ಜ್ ನಗರ ವರ್ಷಗಳಿಂದ ತನ್ನ ಸಿಪಿಎ ದುಡ್ಡಿನ ಶೇ. 80ನ್ನು ವಸತಿಗೇ ಕೊಡುತ್ತ ಬಂದಿದೆ. ಕಾನೂನು ಎರಡೂ ಕಡೆ ಒಂದೇ. ಬೇರೆಯಾಗಿರುವುದು ಮೇಜಿನ ಸುತ್ತ ಕೂತವರು.

ಯಾರು ಅವರು? ಐದರಿಂದ ಒಂಬತ್ತು ಜನ. ಐದು ಕುರ್ಚಿ ಕಾನೂನೇ ಗುರುತು ಮಾಡಿಟ್ಟದ್ದು: ಪರಿಸರ ಸಂರಕ್ಷಣಾ ಆಯೋಗ, ಇತಿಹಾಸ ಆಯೋಗ, ಪ್ಲಾನಿಂಗ್ ಬೋರ್ಡ್, ಪಾರ್ಕ್ ಬೋರ್ಡ್, ಹೌಸಿಂಗ್ ಅಥಾರಿಟಿ, ಇವುಗಳಿಂದ ಒಬ್ಬೊಬ್ಬರು. ಉಳಿದ ನಾಲ್ಕರವರೆಗಿನ ಕುರ್ಚಿಗಳನ್ನು ಊರು ತನಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತದೆ. ಎಣಿಸಿ ನೋಡಿ, ಮೊದಲ ಐವರಲ್ಲಿ ಮನೆಗಳ ಬಗ್ಗೆಯೇ ಚಿಂತಿಸಿ ಅಭ್ಯಾಸ ಇರುವವರು ಒಬ್ಬರೇ. ಉಳಿದವರು ಕೆಟ್ಟವರೆಂದಲ್ಲ. ಕೆರೆ ಏರಿ, ಹಳೇ ಕಲ್ಲುಗೋಡೆ, ಜೋಕಾಲಿ ಕಂಬ ಅಂದರೆ ಅವರಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. "ಮುಂದೂಡಿದ ಡೆವಲಪರ್ ಶುಲ್ಕ" (ಕಟ್ಟಿಸುವ ಸಂಸ್ಥೆ ಈಗ ತೆಗೆದುಕೊಳ್ಳದೆ ಮುಂದಕ್ಕೆ ಬಿಡುವ ತನ್ನ ಶುಲ್ಕ) ಅಂದರೆ ಅನುಮಾನ ಕಾಣುತ್ತದೆ.

ಗೋಪುರ ಹತ್ತು ನಿಮಿಷದಲ್ಲಿ ಪಾಸಾದದ್ದೂ ಇದಕ್ಕೇ. ಗೋಪುರಕ್ಕೆ ಒಬ್ಬ ಗುತ್ತಿಗೆದಾರನ ಎಸ್ಟಿಮೇಟ್ ಸಾಕು. ಕೆಲಸ ಒಂದು ಬೇಸಿಗೆಯಲ್ಲಿ ಮುಗಿಯುತ್ತದೆ, ಬಿಲ್ ಬರುತ್ತದೆ, ಚೆಕ್ ಹೋಗುತ್ತದೆ. ಗೋಪುರಕ್ಕೆ ಕಾರು ಇಲ್ಲ, ಶಾಲೆಗೆ ಹೋಗುವ ಮಕ್ಕಳೂ ಇಲ್ಲ. ಮನೆಗಳ ಅರ್ಜಿಯಲ್ಲಿ ಟೌನಿನ ದುಡ್ಡು ಏಳೆಂಟು ಜನರ ದುಡ್ಡಿನ ನಡುವೆ ಕೂರುತ್ತದೆ. ಅವರಲ್ಲಿ ಒಬ್ಬರು ಹಿಂದೆ ಸರಿದರೂ ಎಲ್ಲ ನಿಂತುಹೋಗುತ್ತದೆ. ಕಮಿಟಿ ಹೆಚ್ಚು ಹೊತ್ತು ತೆಗೆದುಕೊಂಡದ್ದು ತಪ್ಪಲ್ಲ. ಆ ಹೊತ್ತನ್ನು ಯಾವುದರ ಮೇಲೆ ಕಳೆದರು ಎಂಬುದಷ್ಟೇ ನನ್ನ ತಕರಾರು.

ನಾನು ಇಂಥ ಅರ್ಜಿಗಳ ಲೆಕ್ಕ ಓದುವ ಕೆಲಸ ಮಾಡಿದವನು. ಐವತ್ತು ಪುಟದ ಅರ್ಜಿಯಲ್ಲಿ ಮೊದಲು ಹುಡುಕುವುದು ಒಂದೇ ಹಾಳೆ: ಎಡಕ್ಕೆ ದುಡ್ಡು ಎಲ್ಲಿಂದ ಬರುತ್ತದೆ, ಬಲಕ್ಕೆ ಎಲ್ಲಿಗೆ ಹೋಗುತ್ತದೆ. ನಿಮ್ಮ ಊರಿನ ಹಾಳೆ ನನ್ನ ಮುಂದಿಲ್ಲ, ಆದರೆ 24 ಮನೆ, 1.2 ಕೋಟಿ ಎಂದರೆ ಅದು ಹೆಚ್ಚುಕಡಿಮೆ ಹೀಗಿರುತ್ತದೆ ಎಂದು ಒಂದು ಮಾದರಿ ಹಾಕಿಕೊಡಬಲ್ಲೆ.

ಮೊದಲು ಬ್ಯಾಂಕ್ ಎಷ್ಟು ಸಾಲ ಕೊಟ್ಟೀತು ನೋಡೋಣ. ವರ್ಷಕ್ಕೆ 60,000 ಡಾಲರ್ ಸಂಪಾದಿಸುವ ಒಂದು ಕುಟುಂಬ ಅನ್ನಿ. ಬಾಡಿಗೆ, ಕರೆಂಟು, ಹೀಟಿಂಗ್ ಎಲ್ಲ ಸೇರಿ ಆದಾಯದ ಶೇ. 30 ಮೀರಬಾರದು ಎಂಬುದು ಅಮೆರಿಕದಲ್ಲಿ 1981ರಿಂದ ನಡೆದುಬಂದ ಅಳತೆ; ಅದಕ್ಕೂ ಮೊದಲು ಶೇ. 25 ಇತ್ತು. ಆ ಲೆಕ್ಕಕ್ಕೆ ತಿಂಗಳಿಗೆ 1,500 ಡಾಲರ್. ಅಲ್ಲೊಂದು ಇಲ್ಲೊಂದು ಮನೆ ಖಾಲಿ ಬೀಳುತ್ತದೆ ಎಂದು ಶೇ. 5 ಕಳೆದರೆ 1,425. ಅದರಲ್ಲಿ ವಿಮೆ, ತೆರಿಗೆ, ಹೀಟಿಂಗ್, ಹಿಮ ತೆಗೆಸುವುದು, ರಿಪೇರಿ, ಮ್ಯಾನೇಜರ್ ಸಂಬಳ, ಮುಂದೆ ಸೂರು ಬದಲಿಸಲು ಎತ್ತಿಡುವ ದುಡ್ಡು ಎಂದು ಮನೆಯೊಂದಕ್ಕೆ 850 ಹೋಯಿತು ಅನ್ನಿ. ಉಳಿಯುವುದು 575. ಇಪ್ಪತ್ನಾಲ್ಕು ಮನೆ, ಹನ್ನೆರಡು ತಿಂಗಳು: 1,65,600 ಡಾಲರ್. ಆದರೆ ಬ್ಯಾಂಕ್ ಅಷ್ಟಕ್ಕೂ ಸಾಲ ಕೊಡುವುದಿಲ್ಲ. 100 ಡಾಲರ್ ಕಂತು ಕಟ್ಟಬೇಕಾದಲ್ಲಿ ಕೈಯಲ್ಲಿ 120 ಇರಲಿ ಎನ್ನುತ್ತದೆ. ಹಾಗಾಗಿ ವರ್ಷದ ಕಂತು 1,38,000 ದಾಟುವಂತಿಲ್ಲ. ಶೇ. 7ರ ಆಸುಪಾಸಿನ ಬಡ್ಡಿಗೆ ಮೂವತ್ತು ವರ್ಷದ ಸಾಲ ಎಂದರೆ ಅದು ಸುಮಾರು 17 ಲಕ್ಷ ಡಾಲರ್ ಸಾಲವನ್ನು ಹೊರುತ್ತದೆ.

ಬೇಕಾದದ್ದು 1.2 ಕೋಟಿ. ಬಾಡಿಗೆಯ ಬಲದ ಮೇಲೆ ಹುಟ್ಟುವುದು 17 ಲಕ್ಷ. "ಇವರು ಬ್ಯಾಂಕಿನಲ್ಲೇ ಸಾಲ ತೆಗೆದುಕೊಳ್ಳಬಾರದೇ?" ಎಂದು ಮೀಟಿಂಗ್‌ನಲ್ಲಿ ಯಾರಾದರೂ ಕೇಳಿರುತ್ತಾರೆ. ತೆಗೆದುಕೊಂಡ ಮೇಲೂ ಉಳಿಯುವ ಕಂದಕ ಇದು.

ಈ ಕಂದಕದಲ್ಲಿ ದೊಡ್ಡ ಪಾಲನ್ನು ತುಂಬುವುದು ಸಾಮಾನ್ಯವಾಗಿ 1986ರಲ್ಲಿ ಬಂದ ಫೆಡರಲ್ ಟ್ಯಾಕ್ಸ್ ಕ್ರೆಡಿಟ್. ಕೇಂದ್ರ ಸರ್ಕಾರ ಮನೆ ಕಟ್ಟುವುದಿಲ್ಲ, ದುಡ್ಡನ್ನೂ ನೇರವಾಗಿ ಕೊಡುವುದಿಲ್ಲ. ಹತ್ತು ವರ್ಷ ತೆರಿಗೆಯಲ್ಲಿ ಕಡಿತ ಪಡೆಯುವ ಹಕ್ಕನ್ನು ಕೊಡುತ್ತದೆ. ಕಟ್ಟುವವರು ಆ ಹಕ್ಕನ್ನು ಹೂಡಿಕೆದಾರರಿಗೆ, ಹೆಚ್ಚಾಗಿ ಬ್ಯಾಂಕುಗಳಿಗೆ, ಕೊಟ್ಟು ಬಂಡವಾಳ ತರುತ್ತಾರೆ. ನಮ್ಮ ಮಾದರಿಯಲ್ಲಿ ಅದು 55 ಲಕ್ಷ ಎಂದಿಟ್ಟುಕೊಳ್ಳಿ. ರಾಜ್ಯದ ಮೃದು ಸಾಲಗಳಿಂದ, ಅಂದರೆ ಬಡ್ಡಿ, ಕಂತಿನ ಒತ್ತಡ ಕಡಿಮೆ ಇರುವ ಸಾಲಗಳಿಂದ, 35 ಲಕ್ಷ. ಸಂಸ್ಥೆ ತನ್ನ ಶುಲ್ಕದಲ್ಲಿ 4 ಲಕ್ಷವನ್ನು ಈಗ ತೆಗೆದುಕೊಳ್ಳದೆ ಮುಂದಕ್ಕೆ ಬಿಡುತ್ತದೆ. ಇನ್ನುಳಿದದ್ದು 9 ಲಕ್ಷ, ಅದು ಟೌನಿನ ಪಾಲು.

ಮೊತ್ತದಲ್ಲಿ ಅದು ನೂರಕ್ಕೆ ಏಳೂವರೆ. ಆದರೆ ಅದರ ಕೆಲಸ ಮೊತ್ತದಲ್ಲಿಲ್ಲ, ಸರದಿಯಲ್ಲಿದೆ. ಟ್ಯಾಕ್ಸ್ ಕ್ರೆಡಿಟ್ ಮತ್ತು ರಾಜ್ಯದ ಸಾಲ ಎರಡನ್ನೂ ಹಂಚುವುದು ರಾಜ್ಯದ ವಸತಿ ಇಲಾಖೆ, ಅದೂ ಸ್ಪರ್ಧೆಯಲ್ಲಿ. ಇರುವ ದುಡ್ಡಿಗಿಂತ ಬರುವ ಅರ್ಜಿ ಯಾವಾಗಲೂ ಹೆಚ್ಚು. ಅಲ್ಲಿ ಕೇಳುವ ಮೊದಮೊದಲ ಪ್ರಶ್ನೆಗಳಲ್ಲಿ ಒಂದು, "ನಿಮ್ಮ ಊರು ಎಷ್ಟು ಹಾಕಿದೆ?" ಹೂಡಿಕೆದಾರರು ರಾಜ್ಯದ ಕಡೆ ನೋಡುತ್ತಾರೆ, ರಾಜ್ಯ ಊರಿನ ಕಡೆ ನೋಡುತ್ತದೆ. ಎಲ್ಲರೂ "ನೀವು ಮೊದಲು" ಎನ್ನುವವರೇ. ಯಾರಾದರೂ ಒಬ್ಬರು ಮೊದಲು ಕೈ ಹಾಕಬೇಕಲ್ಲ, ಆ ಕೈ ನಿಮ್ಮ ಕಮಿಟಿಯದು. ಟೌನ್ ಮೀಟಿಂಗ್‌ನ ಮತ ದಾಖಲಾದ ಪತ್ರ ಕೈಯಲ್ಲಿಲ್ಲದೆ ಸಂಸ್ಥೆ ರಾಜ್ಯದ ಬಾಗಿಲು ತಟ್ಟಿದರೆ, ಊರಿಗೇ ಬೇಡದ್ದು ನಮಗೇಕೆ ಎಂಬ ಅನುಮಾನ ಅಲ್ಲಿ ಕಾದಿರುತ್ತದೆ.

ಆದ್ದರಿಂದ ಒಳ್ಳೆಯ ಕಮಿಟಿ ತೀರ್ಮಾನಿಸುವುದು ಈ ಮನೆಗಳು ಬೇಕೇ ಬೇಡವೇ ಎಂಬುದನ್ನಲ್ಲ. ಊರಿಗೆ ಎಂಥ ಮನೆ ಬೇಕು ಎಂದು ವಸತಿ ಯೋಜನೆಯ ದಾಖಲೆಯಲ್ಲಿ ಮೊದಲೇ ಬರೆದಿರುತ್ತದೆ. ನಮ್ಮ ದುಡ್ಡು ಹಾಕಿದರೆ ಉಳಿದವರ ದುಡ್ಡು ಬರುವ ಸಂಭವ ಎಷ್ಟು, ಬಾರದಿದ್ದರೆ ನಮ್ಮದು ವಾಪಸ್ ಬರುತ್ತದೆಯೇ, ಬಂದರೆ ಊರಿಗೆ ಎಷ್ಟು ಮನೆ ಎಷ್ಟು ಕಾಲಕ್ಕೆ ಸಿಗುತ್ತದೆ, ಅದು ತೀರ್ಮಾನಿಸುವುದು ಇದನ್ನು. "ಒಂದು ಫ್ಲಾಟಿಗೆ 5 ಲಕ್ಷವೇ!" ಎಂಬ ಉದ್ಗಾರ ನೀವೂ ಕೇಳಿಸಿಕೊಂಡಿರಬಹುದು. ಊರು ಹಾಕುವುದು 5 ಲಕ್ಷವಲ್ಲ. ಕೇಳಿದ್ದು ಮನೆಗೆ 37,500, ಕೊಟ್ಟದ್ದು 25,000. ಊರಿನ ಒಂದು ಡಾಲರಿನ ಹಿಂದೆ ಹೊರಗಿನ ಹನ್ನೆರಡು ಡಾಲರ್ ಬರುವ ವ್ಯವಹಾರ ಗೋಪುರದ ಅರ್ಜಿಯಲ್ಲಿ ಇರಲಿಕ್ಕಿಲ್ಲ.

ಹಾಗಾದರೆ 6 ಲಕ್ಷ ಎಲ್ಲಿಂದ ಬಂತು? ನೀವು ಕಳಿಸಿದ ಚೀಟಿಯ ಅಂಕಿಗಳಲ್ಲೇ ಉತ್ತರ ಇದೆ ಎಂದು ನನ್ನ ಊಹೆ. ವಸತಿ ಮೀಸಲಿನ 2.4 ಲಕ್ಷವನ್ನು ಪೂರ್ತಿ ಬಳಿದಿದ್ದಾರೆ. ಉಳಿದ 3.6 ಲಕ್ಷ ಮೀಸಲಿಲ್ಲದ 7 ಲಕ್ಷದಿಂದ ಬಂದಿರಬೇಕು. ಅಂದರೆ ಆ 7 ಲಕ್ಷದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ವಸತಿಗೆ, ಉಳಿದದ್ದು ಮಿಕ್ಕವರಿಗೆ. ಸಂಸ್ಥೆಗೆ ಎಷ್ಟು ಅಗತ್ಯ ಎಂದು ಲೆಕ್ಕ ಹಾಕಿ ಬಂದ ಅಂಕಿ ಇದಲ್ಲ. ಬುಟ್ಟಿಯಲ್ಲಿದ್ದುದನ್ನು ಯಾರಿಗೂ ಬೇಜಾರಾಗದಂತೆ ಹಂಚಿದಾಗ ಬಂದ ಅಂಕಿ. ಇಂಥ ತೀರ್ಮಾನವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮೋಸವಲ್ಲ, ಆದರೆ ಮೂಲೆಗೆ ಸರಿಸಿದ ಪ್ರಶ್ನೆಯೊಂದು ಉಳಿಯುತ್ತದೆ: ಕಡಿಮೆಯಾದ 3 ಲಕ್ಷವನ್ನು ಯಾರು ತುಂಬುತ್ತಾರೆ? ರಾಜ್ಯದ ಹತ್ತಿರ ಹೆಚ್ಚು ಕೇಳಿದರೆ ಸ್ಪರ್ಧೆಯಲ್ಲಿ ಹಿಂದೆ ಬೀಳುತ್ತಾರೆ. ಸಂಸ್ಥೆಯ ಶುಲ್ಕದಿಂದ ಕತ್ತರಿಸಿದರೆ, ಆ ಶುಲ್ಕವೇ ಅವರ ಸಿಬ್ಬಂದಿಯ ಸಂಬಳ, ಮುಂದಿನ ಯೋಜನೆಯ ಓಡಾಟದ ಖರ್ಚು. ಕಮಿಟಿಯವರು ಅದನ್ನು ಲಾಭ ಎಂದು ತಿಳಿಯುವುದು ಸಾಮಾನ್ಯ ತಪ್ಪು.

ಬೇರೆ ದಾರಿ ಇತ್ತು. ಈ ವರ್ಷ 6, ಬರುವ ವರ್ಷ 3 ಎಂದು ಎರಡು ಕಂತಿನ ಶಿಫಾರಸು ಮಾಡುವ ಸೂಚನೆಯನ್ನಾದರೂ ನಡಾವಳಿಯಲ್ಲಿ ಬರೆಯಬಹುದಿತ್ತು. ಮುಂದಿನ ವರ್ಷಗಳ ಸರ್ಚಾರ್ಜ್ ಆದಾಯದ ಮೇಲೆ ಬಾಂಡ್ ಎತ್ತಲೂ ಕಾನೂನು ಬಿಡುತ್ತದೆ, ಆದರೆ ಅದಕ್ಕೆ ಟೌನ್ ಮೀಟಿಂಗ್‌ನಲ್ಲಿ ಮೂರನೇ ಎರಡು ಬಹುಮತ ಬೇಕು. 3 ಲಕ್ಷಕ್ಕಾಗಿ ಆ ಸಾಹಸ ಬೇಡ. ನಿಮ್ಮ ಊರಿನಲ್ಲಿ ವಸತಿ ಟ್ರಸ್ಟ್ ಇದ್ದರೆ ಅಲ್ಲೂ ಕೇಳಬಹುದು. 2005ರಲ್ಲಿ ಬಂದ ಕಾನೂನಿನಡಿ ಊರುಗಳು ಇಂಥ ಟ್ರಸ್ಟ್ ಮಾಡಿಕೊಳ್ಳಬಹುದು, ಒಮ್ಮೆ ದುಡ್ಡು ಅಲ್ಲಿ ಸೇರಿತೆಂದರೆ ಪ್ರತಿ ಖರ್ಚಿಗೂ ಟೌನ್ ಮೀಟಿಂಗ್‌ವರೆಗೆ ಕಾಯಬೇಕಿಲ್ಲ. ಜಮೀನು ಮಾರುವವರು ಮೇ ತಿಂಗಳವರೆಗೆ ಕಾಯುವುದಿಲ್ಲ ಎಂಬುದು ಗೊತ್ತಿರುವವರು ಮಾಡಿಕೊಂಡ ವ್ಯವಸ್ಥೆ ಅದು.

ಸಾಲದ ರೂಪ ನೋಡಿ ನೀವು ಬೇಸರಪಟ್ಟುಕೊಂಡಿದ್ದೀರಿ. ಬೇಡ. ಟ್ಯಾಕ್ಸ್ ಕ್ರೆಡಿಟ್ ಇರುವ ಯೋಜನೆಯ ಲೆಕ್ಕಪತ್ರಕ್ಕೆ ಅನುದಾನಕ್ಕಿಂತ ಸಾಲವೇ ಅನುಕೂಲ. ಸಾಮಾನ್ಯವಾಗಿ ಬಡ್ಡಿ ಇಲ್ಲದ, ಮೂವತ್ತು ನಲವತ್ತು ವರ್ಷ ಕಂತೂ ಇಲ್ಲದ ಸಾಲ ಇದು. ಮನೆಗಳು ಕಡಿಮೆ ಆದಾಯದವರಿಗೆ ಉಳಿಯುವವರೆಗೆ ಯಾರೂ ವಾಪಸ್ ಕೇಳುವುದಿಲ್ಲ. ನಾಳೆ ಯಾರೋ ಕಟ್ಟಡವನ್ನು ಮಾರಲು ಹೊರಟರೆ ಟೌನಿನ ಹೆಸರು ಕಾಗದದ ಮೇಲೆ ಇರುತ್ತದೆ. ಷರತ್ತುಗಳಲ್ಲೂ ಹೆಚ್ಚಿನವು ಊರಿನ ಹಿತಕ್ಕೆ ಇರುವಂಥವು: ಉಳಿದ ಎಲ್ಲ ದುಡ್ಡು ಖಚಿತವಾದ ಮೇಲೇ ಟೌನಿನ ದುಡ್ಡು ಬಿಡುಗಡೆ, ಬಿಲ್ ತೋರಿಸಿದಷ್ಟಕ್ಕೆ ಮಾತ್ರ ಪಾವತಿ, ಮತ್ತು ಆಸ್ತಿಪತ್ರದ ಮೇಲೆ ಶಾಶ್ವತ ನಿರ್ಬಂಧ. ಕೊನೆಯದು ಎಲ್ಲಕ್ಕಿಂತ ದೊಡ್ಡದು. ಸಿಪಿಎ ದುಡ್ಡಿನಿಂದ ಆಸ್ತಿಯಲ್ಲಿ ಹಕ್ಕು ಕೊಂಡರೆ ಅದರ ಮೇಲೆ ಶಾಶ್ವತ ನಿರ್ಬಂಧ ಇರಲೇಬೇಕು ಎಂದು ಕಾನೂನೇ ಹೇಳುತ್ತದೆ. ಟ್ಯಾಕ್ಸ್ ಕ್ರೆಡಿಟ್‌ನ ಫೆಡರಲ್ ನಿಯಮ ಕೇಳುವುದು ಕನಿಷ್ಠ ಮೂವತ್ತು ವರ್ಷ. ಮೂವತ್ತೊಂದನೇ ವರ್ಷ ಆ ಬಾಡಿಗೆದಾರರನ್ನು ಕಾಯುವುದು ನಿಮ್ಮ ಊರಿನ ಈ 6 ಲಕ್ಷದ ಕಾಗದ.

ಇನ್ನು ಆ ಎರಡು ಗಂಟೆ. ಪಾರ್ಕಿಂಗ್ ಮತ್ತು ಸೆಪ್ಟಿಕ್ ಈ ಕಮಿಟಿಯ ವ್ಯಾಪ್ತಿಯಲ್ಲ. ಪರ್ಮಿಟ್ ಕೊಡುವ ಬೋರ್ಡುಗಳಿವೆ. ನಿಮ್ಮ ಊರಿನ ಒಟ್ಟು ಮನೆಗಳಲ್ಲಿ ಕಡಿಮೆ ಆದಾಯದವರಿಗೆಂದು ಇರುವ ಇಂಥ ಮನೆಗಳು ಶೇ. 10ಕ್ಕಿಂತ ಕಡಿಮೆ ಇದ್ದರೆ, ಬೋರ್ಡ್ ನಿರಾಕರಿಸಿದರೂ 1969ರ 40ಬಿ ಕಾನೂನಿನಡಿ ರಾಜ್ಯಕ್ಕೆ ಮೇಲ್ಮನವಿ ಹೋಗಬಹುದು. ಕಮಿಟಿ ಕೇಳಬೇಕಾದದ್ದು "ಪರ್ಮಿಟ್ ಯಾವ ಹಂತದಲ್ಲಿದೆ, ಜಮೀನಿನ ಕರಾರು ಕೈಯಲ್ಲಿದೆಯೇ" ಎಂಬಷ್ಟನ್ನೇ. ಎಷ್ಟು ಕಾರು ನಿಲ್ಲುತ್ತದೆ ಎಂಬುದನ್ನಲ್ಲ.

ಮಕ್ಕಳ ಪ್ರಶ್ನೆ ಬೇರೆ ಜಾತಿಯದು. ಮಕ್ಕಳಿರುವ ಕುಟುಂಬ ಎಂಬ ಕಾರಣಕ್ಕೆ ಮನೆ ನಿರಾಕರಿಸುವುದನ್ನು ಫೆಡರಲ್ ಕಾನೂನು 1988ರ ತಿದ್ದುಪಡಿಯಿಂದ ನಿಷೇಧಿಸಿದೆ. ಹಾಗಿದ್ದೂ "ಎಷ್ಟು ಮಕ್ಕಳು ಬರುತ್ತಾರೆ" ಎಂಬ ಮಾತು ಪ್ರತಿ ಸಭೆಯಲ್ಲೂ ಬಜೆಟ್ ಚಿಂತೆಯ ವೇಷ ಹಾಕಿಕೊಂಡು ಬರುತ್ತದೆ. ಒಳ್ಳೆಯ ಅಧ್ಯಕ್ಷರಾದರೆ ಅದನ್ನು ಅಲ್ಲೇ ತಡೆಯುತ್ತಾರೆ. ಆ ಚಿಂತೆಯನ್ನು ತೂಗಿ ಒಂದು ಕೋಣೆಯ ಮನೆಗಳನ್ನೇ ಹೆಚ್ಚಿಸಿ ಎಂದು ಕಮಿಟಿ ಷರತ್ತು ಹಾಕಿದ್ದರೆ ಟೌನಿನ ವಕೀಲರಿಗೆ ನಿದ್ದೆ ಬರುತ್ತಿರಲಿಲ್ಲ. "ನಮ್ಮ ಊರಿನವರಿಗೇ ಸಿಗುತ್ತದೆಯೇ?" ಎಂಬುದು ಇದರ ಅಣ್ಣತಮ್ಮ. ಮನೆಗಳನ್ನು ಲಾಟರಿಯಲ್ಲಿ ಹಂಚುತ್ತಾರೆ. ಮೊದಲ ಸಲ ತುಂಬುವಾಗ ಗರಿಷ್ಠ ಶೇ. 70ರವರೆಗೆ ಸ್ಥಳೀಯರಿಗೆ ಆದ್ಯತೆ ಕೊಡಲು ರಾಜ್ಯ ಬಿಡಬಹುದು, ಅದಕ್ಕೆ ಊರು ಕಾರಣ ತೋರಿಸಬೇಕು. ಊರಿನಲ್ಲಿ ಕೆಲಸ ಮಾಡುವವರೂ ಆ ಲೆಕ್ಕಕ್ಕೆ ಬರುತ್ತಾರೆ, ಆದ್ದರಿಂದ ನಿಮ್ಮ ಮಗುವಿನ ಶಾಲೆಯ ಅಡುಗೆಯವರು ಎಲ್ಲಿಂದ ಬರುತ್ತಾರೆ ಎಂದು ಒಮ್ಮೆ ವಿಚಾರಿಸಿ.

ಮೊದಲೇ ನಿರ್ಧಾರವಾಗಿತ್ತೇ ಎಂದು ಕೇಳಿದ್ದೀರಿ. ಗುಟ್ಟಾಗಿ ಸೇರಿ ನಿರ್ಧರಿಸಲು ಆಗದು. ಸಭೆಗೆ ಶನಿವಾರ, ಭಾನುವಾರ, ರಜೆಗಳನ್ನು ಬಿಟ್ಟು 48 ಗಂಟೆ ಮೊದಲು ನೋಟಿಸ್ ಹಾಕಬೇಕು, ನಡಾವಳಿ ಬರೆದಿಡಬೇಕು. ಬಾಗಿಲು ಮುಚ್ಚಿಕೊಳ್ಳಲು ಜಮೀನಿನ ಬೆಲೆಯ ಮಾತುಕತೆಯಂಥ ಕೆಲವೇ ಕಾರಣಗಳಿಗೆ ಅವಕಾಶ. ಆದರೆ ಅರ್ಜಿ ಬಂದ ದಿನದಿಂದ ಸದಸ್ಯರು ಮನೆಯಲ್ಲಿ ಕೂತು ಓದಿರುತ್ತಾರೆ, ಲಿಖಿತ ಪ್ರಶ್ನೆ ಕಳಿಸಿ ಉತ್ತರ ತರಿಸಿಕೊಂಡಿರುತ್ತಾರೆ, ಒಂದು ಅಂಕಿ ಅವರವರ ತಲೆಯಲ್ಲಿ ಕೂತಿರುತ್ತದೆ. ನೀವು ನೋಡಿದ್ದು ಆ ತಯಾರಿಯ ಕೊನೆಯ ಅಂಕ. ಅದಕ್ಕೇ ಸಭೆಯ ದಿನದ ಮೂರು ನಿಮಿಷದ ಭಾಷಣಕ್ಕಿಂತ ಮೂರು ವಾರ ಮೊದಲು ಬರೆದ ಒಂದು ಪುಟದ ಪತ್ರಕ್ಕೆ ತೂಕ ಹೆಚ್ಚು. ಅದನ್ನು ಬರೆಯಲು ವೋಟು ಬೇಕಿಲ್ಲ. ಕಮಿಟಿ ವರ್ಷಕ್ಕೊಮ್ಮೆಯಾದರೂ ಊರಿನ ಅಗತ್ಯಗಳ ಬಗ್ಗೆ ಸಾರ್ವಜನಿಕ ಸಭೆ ನಡೆಸಲೇಬೇಕು. ಅಲ್ಲಿಗೂ ಗ್ರೀನ್ ಕಾರ್ಡಿನವರು ಧಾರಾಳವಾಗಿ ಹೋಗಬಹುದು. ಮುಂದಿನ ಶರತ್ಕಾಲದಲ್ಲಿ ಆ 3 ಲಕ್ಷದ ವಿಷಯ ಎತ್ತಬೇಕಾದದ್ದು ಅಲ್ಲೇ.

ಮೇ ತಿಂಗಳಿಗೆ ನಿಮ್ಮ ಹೆಂಡತಿ ಮಾಡಬೇಕಾದ ಕೆಲಸ ಒಂದೇ: ಆ 6 ಲಕ್ಷ 4 ಆಗದಂತೆ ನೋಡಿಕೊಳ್ಳುವುದು. ಯಾರಾದರೂ ಕಡಿತದ ತಿದ್ದುಪಡಿ ತಂದರೆ ಎದ್ದು ನಿಂತು, "ಹೊರಗಿನಿಂದ ಬರಬೇಕಾದ ಒಂದು ಕೋಟಿಗೂ ಮಿಕ್ಕ ದುಡ್ಡಿಗೆ ಇದು ಬೀಗದ ಕೈ" ಎಂದು ಹೇಳಿ ಆ ಒಂದು ಹಾಳೆಯ ಲೆಕ್ಕ ಓದಿದರೆ ಸಾಕು.

ಅದಕ್ಕೂ ಮೊದಲು ಷರತ್ತುಗಳ ಹಾಳೆಯಲ್ಲಿ ಗಡುವು ಎಷ್ಟಿದೆ ನೋಡಿ. ಇಷ್ಟು ವರ್ಷದೊಳಗೆ ಕೆಲಸ ಶುರುವಾಗದಿದ್ದರೆ ದುಡ್ಡು ವಾಪಸ್ ಎಂದು ಬರೆದಿರುತ್ತದೆ. ಎರಡು ವರ್ಷ ಎಂದಿದ್ದರೆ ಈಗಲೇ ಕಮಿಟಿಯ ಅಧ್ಯಕ್ಷರಿಗೆ ಬರೆದು ಮೂರು ಮಾಡಿಸಿ. ರಾಜ್ಯದ ಸ್ಪರ್ಧೆಯಲ್ಲಿ ಮೊದಲ ಸಲವೇ ಗೆಲ್ಲುವ ಯೋಜನೆಗಳು ಕಡಿಮೆ. ಎರಡನೇ ಸಲ ಹೋಗುವಾಗಲೂ ಊರಿನ ಪತ್ರಕ್ಕೆ ಜೀವ ಇರಬೇಕು.